ಅರವತ್ನಾಲ್ಕು ತಲೆಯ ಆನೆ

ಬೈರಣ್ಣ ಹರಾಜಿಗೆ ಹೋದದ್ದು ಕುರ್ಚಿ ತರಲಿಕ್ಕೆ. ಹೆಬ್ಬಾಳದ ಹತ್ತಿರ ಯಾವುದೋ ದೊಡ್ಡ ಕಚೇರಿ ಬಾಗಿಲು ಹಾಕಿ ಸಾಮಾನನ್ನೆಲ್ಲ ಹರಾಜಿಗಿಟ್ಟಿತ್ತು. ಹುಣಸಮಾರನಹಳ್ಳಿಯಲ್ಲಿರುವ ತನ್ನ ಕೋಳಿಮರಿ ಹ್ಯಾಚರಿಗೆ ಆರು ತಿರುಗುವ ಕುರ್ಚಿ ಸಿಕ್ಕಿದರೆ ಸಾಕು ಎಂದು ಹೊರಟ ಮನುಷ್ಯ, ಸಂಜೆ ಕ್ರೇನ್ ಸಮೇತ ವಾಪಸು ಬಂದ. ಕ್ರೇನಿನಲ್ಲಿ ಆಳೆತ್ತರದ ಒಂದು ಕಪ್ಪು ಬೀರು. ಅದರ ಹಿಂದೆ ಆಟೋದಲ್ಲಿ, ಮದುಮಗಳನ್ನು ಬಿಡಲು ಬಂದ ತವರಿನವನ ಮುಖ ಮಾಡಿಕೊಂಡು ಮೊಯಿನುದ್ದೀನ್. ಕುರ್ಚಿ ಯಾರಿಗೂ ನೆನಪಿರಲಿಲ್ಲ.

ಇದು ಹದಿನೆಂಟು ವರ್ಷದ ಹಿಂದಿನ ಮಾತು. ಆ ಮುಚ್ಚಿದ ಕಚೇರಿಯಲ್ಲಿ ಯಂತ್ರ ನೋಡಿಕೊಳ್ಳುತ್ತಿದ್ದವನೇ ಆರ್.ಟಿ. ನಗರದ ಮೊಯಿನುದ್ದೀನ್. ಉಳಿದವರೆಲ್ಲ ಬೇರೆ ಕೆಲಸ ಹುಡುಕಲು ಓಡಿದ್ದರೆ ಇವನೊಬ್ಬ ಒರೆಸುವ ಬಟ್ಟೆ ಹಿಡಿದು ಅದರ ಪಕ್ಕ ನಿಂತಿದ್ದ. ಬೈರಣ್ಣ ಬಂದು, ಹಲಸಿನಹಣ್ಣು ಬಲಿತಿದೆಯೇ ಎಂದು ನೋಡುವವನಂತೆ ಬೆರಳ ಗೆಣ್ಣಿನಿಂದ ತಟ್ಟಿ, "ಇದ್ಯಾವ್ ಬೀರು ಸಾಬ್ರೆ?" ಅಂದ.

"ಬೀರು ಅಲ್ಲ ಸಾರ್, ದೊಡ್ಡ ಕಂಪ್ಯೂಟರ್, ಯುನಿಕ್ಸ್ ಸರ್ವರ್ ಅಂತಾರೆ. ಒಳಗೆ ಅರವತ್ನಾಲ್ಕು ಪ್ರೊಸೆಸರ್ ಇದೆ."

"ಅಂಗಂದ್ರೆ?"

"ಒಂದೇ ಮೈ, ಅರವತ್ನಾಲ್ಕು ತಲೆ."

ಬೈರಣ್ಣ ಬೀರನ್ನು ಮೇಲಿಂದ ಕೆಳಗಿನ ತನಕ ನೋಡಿದ. ಬ್ಯಾಟರಾಯನಪುರದಲ್ಲಿ ಅವರದು ಹನ್ನೊಂದು ಜನ ದಾಯಾದಿಗಳ ಮನೆತನ. ಹೊಲವೆಲ್ಲ ಸೈಟಾಗಿ ಪಾಲಾಗುವಾಗ ಆ ಹನ್ನೊಂದು ಮೈಗೆ ಸೇರಿ ಒಂದು ತಲೆ ಇರಲಿಲ್ಲವೆಂಬ ಕೊರಗು ಅವನಿಗಿತ್ತು. "ತಗೊಂಡೆ" ಅಂದ. "ನೀವೂ ಬಂದ್ಬುಡಿ. ಆನೆ ಕೊಂಡ್ಮೇಲೆ ಮಾವ್ತ ಬ್ಯಾಡ್ವಾ?"

ಹೀಗೆ ಆನೆಯೂ ಮಾವುತನೂ ಕೋಳಿಮರಿಗಳ ನಡುವೆ ಬಂದು ಬಿದ್ದರು. ಹ್ಯಾಚರಿಯಲ್ಲಿ ದಿನಾ ಸಾವಿರಾರು ಮರಿ ಮೊಟ್ಟೆಯೊಡೆದು ಬರುತ್ತವೆ. ಯಾವ ಪೆಟ್ಟಿಗೆಯ ಮರಿ ಯಾವ ಫಾರಮ್ಮಿಗೆ, ಯಾವ ಲಾರಿಯಲ್ಲಿ ಎಂದು ಪಟ್ಟಿ ಮಾಡುವುದು ಆನೆಯ ಕೆಲಸ. ಬೆಳಗ್ಗೆ ಐದಕ್ಕೆ ಶುರುವಾದರೆ ಹತ್ತಕ್ಕೆ ಪಟ್ಟಿ ಕೈಗೆ ಬರುತ್ತಿತ್ತು. ಯಾಕಿಷ್ಟು ಹೊತ್ತು ಎಂದು ಯಾರೂ ಕೇಳಲಿಲ್ಲ. ಮೊಟ್ಟೆಗೆ ಇಪ್ಪತ್ತೊಂದು ದಿನ ಬೇಕು, ಪಟ್ಟಿಗೆ ಐದು ಗಂಟೆ ಬೇಕು, ಅದರದರ ಧರ್ಮ ಎಂದುಕೊಂಡರು. ಡ್ರೈವರುಗಳು ಅಷ್ಟು ಹೊತ್ತೂ ಗೇಟಿನೆದುರಿನ ಅಕ್ಕಯ್ಯಮ್ಮನ ಗಾಡಿಯಲ್ಲಿ ಇಡ್ಲಿ ತಿನ್ನುತ್ತಿದ್ದರು. ಅಕ್ಕಯ್ಯಮ್ಮ ಆ ಐದು ಗಂಟೆಯ ಮೇಲೆಯೇ ಇಬ್ಬರು ಹೆಣ್ಣುಮಕ್ಕಳ ಮದುವೆ ಮಾಡಿ ಮುಗಿಸಿದಳು.

ಮೊಯಿನುದ್ದೀನನ ಜಂಭ ಕೇಳಬೇಕು ನೀವು. ಯಾರೇ ಬರಲಿ, ಮೊಟ್ಟೆ ವ್ಯಾಪಾರಿ ಬರಲಿ, ಕರೆಂಟಿನವನು ಬರಲಿ, ಪರದೆಯ ಮುಂದೆ ನಿಲ್ಲಿಸಿ ತೋರಿಸುತ್ತಿದ್ದ. "ನೋಡಿ, ನೂರಕ್ಕೆ ಎರಡು ಭಾಗ ಕೂಡ ದುಡೀತಾ ಇಲ್ಲ. ಇಷ್ಟು ಕೆಲಸ ನಮ್ಮ ಆನೆಗೆ ಲೆಕ್ಕವೇ ಅಲ್ಲ." ಅವರು ತಲೆದೂಗುತ್ತಿದ್ದರು. ಲೆಕ್ಕವೇ ಅಲ್ಲದ ಕೆಲಸಕ್ಕೆ ಐದು ಗಂಟೆ ಯಾಕೆ ಹಿಡಿಯುತ್ತದೆ ಎಂದು ಇಷ್ಟು ವರ್ಷದಲ್ಲಿ ಒಬ್ಬನಿಗಾದರೂ ಹೊಳೆಯಿತೇ? ಇಲ್ಲ. ಹೇಳಿದವನಿಗೇ ಹೊಳೆಯಲಿಲ್ಲ, ಕೇಳಿದವರದ್ದೇನು ತಪ್ಪು.

ಆಯುಧಪೂಜೆಗಂತೂ ಬೈರಣ್ಣ ನೆಂಟರಿಷ್ಟರನ್ನೆಲ್ಲ ಕರೆದುಕೊಂಡು ಬರುತ್ತಿದ್ದ. ಬೀರಿನ ಬಾಗಿಲು ತೆಗೆದರೆ ಒಳಗೆ ಹದಿನಾರು ಹಲಗೆ, ಹಲಗೆಗೆ ನಾಲ್ಕು ಪ್ರೊಸೆಸರ್. ಒಂದೊಂದರ ಹೆಸರಿನಲ್ಲಿ ಹಲಗೆಯ ಅಂಚಿಗೆ ಒಂದೊಂದು ಕುಂಕುಮದ ಬೊಟ್ಟು, ಒಟ್ಟು ಅರವತ್ನಾಲ್ಕು. ಒಣ ಕುಂಕುಮ ಹಚ್ಚಿದರೆ ಫ್ಯಾನು ಎಳೆದುಕೊಂಡು ಒಳಗೆಲ್ಲ ತುಂಬುತ್ತದೆಂದು ಮೊಯಿನುದ್ದೀನ್ ತಾನೇ ಕುಂಕುಮವನ್ನು ನೀರಲ್ಲಿ ಕಲಸಿ, ಕಿವಿಗಿಡುವ ಹತ್ತಿಕಡ್ಡಿ ಜೊತೆಗಿಟ್ಟು ತಟ್ಟೆ ಹಿಡಿದು ನಿಲ್ಲುತ್ತಿದ್ದ. "ಒಂದೂ ಬಿಟ್ಟೋಗ್ಬಾರ್ದು" ಎಂದು ಬೈರಣ್ಣ ಎಣಿಸಿ ಎಣಿಸಿ ಇಡುತ್ತಿದ್ದ. "ಎಲ್ಲಾವೂ ನಮ್ಗೇ ದುಡ್ಯೋವು. ಒಬ್ಬಂಗಿಟ್ಟು ಒಬ್ಬಂಗೆ ಬಿಟ್ರೆ ಬೇಜಾರಾಯ್ತವೆ."

ಮೊಯಿನುದ್ದೀನನಿಗೆ ಈಗ ಐವತ್ತೊಂಬತ್ತು. ಬರುವ ಯುಗಾದಿಗೆ ನಿವೃತ್ತಿ. ಅವನಿಗೆ ಬೇಕಾಗಿದ್ದದ್ದು ಎರಡೇ. ತಾನು ಎದ್ದು ಹೋಗುವ ಮೊದಲು ಆನೆ ನಿಲ್ಲಬಾರದು. ಮತ್ತೆ, "ಹದಿನೆಂಟು ವರ್ಷ, ಒಂದೇ ಒಂದು ತಪ್ಪಿಲ್ಲ" ಎಂಬ ತನ್ನ ಹೆಸರಿಗೆ ಮಸಿ ಹತ್ತಬಾರದು. ಹೆಬ್ಬಾಳದ ಮೇಲ್ಸೇತುವೆ ಮೇಲೆ ಬಸ್ಸು ನಿಂತಾಗ ಪಕ್ಕದ ಸೀಟಿನವನಿಗೂ ಈ ಮಾತನ್ನು ಹೇಳುತ್ತಿದ್ದ. ಆ ಸೇತುವೆ ಮೇಲೆ ಬಸ್ಸು ನಿಲ್ಲುವ ಹೊತ್ತಿಗೆ ಇಡೀ ಜೀವನಚರಿತ್ರೆಯನ್ನೇ ಹೇಳಬಹುದು.

ತೊಂದರೆ ಬಂದದ್ದು ಬೈರಣ್ಣನ ಮಗಳು ಶಾಂತಲಾ ಆಫೀಸು ವಹಿಸಿಕೊಂಡ ಮೇಲೆ. ಅವಳಿಗೆ ಆನೆಯ ಮೇಲೆ ದ್ವೇಷವೇನಿಲ್ಲ, ಅದರ ಕರೆಂಟು ಬಿಲ್ಲಿನ ಮೇಲೆ ಇತ್ತು. ಯಲಹಂಕದಿಂದ ಮಹೇಂದ್ರ ಎಂಬ ಎಂಜಿನಿಯರನ್ನು ಕರೆಸಿದಳು. ಅವನು ಮೂಲೆಯಲ್ಲಿ ಒಂದು ಚರಣಿಗೆ ನಿಲ್ಲಿಸಿ, ಪಿಜ್ಜಾ ಡಬ್ಬಿಯಷ್ಟು ತೆಳ್ಳಗಿನ ಹನ್ನೆರಡು ಯಂತ್ರ ಜೋಡಿಸಿದ.

"ಈಗ ಯಾರೂ ದೊಡ್ಡದೊಂದು ಇಡಲ್ಲ ಸರ್, ಚಿಕ್ಕವು ಹನ್ನೆರಡು ಇಡ್ತಾರೆ" ಅಂದ ಮಹೇಂದ್ರ. "ಒಂದು ಕೆಟ್ಟರೆ ಹನ್ನೊಂದು ಉಳಿಯುತ್ತೆ."

"ಒಂದೇ ಮನೇಲಿ ಕೂತು ಮಾತಾಡಿ ಮುಗಿಸೋದಕ್ಕೆ, ಹನ್ನೆರಡು ಮನೆ ಮಾಡಿ ಕಾಗದ ಬರ್ಕೊಂಡು ಕೂರ್ತೀರಾ?" ಎಂದು ಮೊಯಿನುದ್ದೀನ್ ತಿರುಗಿಬಿದ್ದ.

"ನಂಗೆ ಅರ್ಥ ಆಗೋ ಅಂಗೆ ಯೋಳ್ರಪ್ಪ" ಎಂದ ಬೈರಣ್ಣ.

ಮೊಯಿನುದ್ದೀನ್ ಗಂಟಲು ಸರಿಮಾಡಿಕೊಂಡ. "ಒಂದು ಛತ್ರ ಅಂದ್ಕೊಳ್ಳಿ ಬೈರಣ್ಣೋರೆ, ಅರವತ್ನಾಲ್ಕು ಜನ ನೆಂಟ್ರು. ಮೊದಮೊದಲು ಯುನಿಕ್ಸಿಗೆ ಜಾಸ್ತಿ ಪ್ರೊಸೆಸರ್ ಹಾಕ್ದೋರು ಹೆಬ್ಬಾಗಿಲಿಗೇ ಒಂದು ಚಿಲಕ ಇಟ್ರು. ಒಬ್ಬ ಒಳಗೋಗಿ ಚಿಲಕ ಹಾಕ್ಕೊಂಡ್ರೆ ಮಿಕ್ಕಿದ ಅರವತ್ಮೂರು ಜನ ಬೀದೀಲಿ. ಆಮೇಲೆ ಬುದ್ಧಿ ಬಂದು ರೂಮಿಗೊಂದು, ಉಗ್ರಾಣಕ್ಕೊಂದು, ಬಚ್ಚಲಿಗೊಂದು ಅಂತ ಬೇರೆ ಬೇರೆ ಚಿಲಕ ಇಟ್ರು. ನಮ್ಮ ಆನೆ ಆ ಎರಡನೇ ಜಾತಿ. ಎಲ್ರೂ ಒಳಗೆ, ಎಲ್ರಿಗೂ ಕೆಲಸ."

"ಚಿಲ್ಕನೇ ಇಲ್ದಿದ್ರೆ?"

"ಇಬ್ರು ಒಟ್ಟಿಗೆ ಬಚ್ಚಲಿಗೆ ನುಗ್ತಾರೆ."

"ಥೂ!" ಎಂದ ಬೈರಣ್ಣ. ವಿಷಯ ಅವನಿಗೆ ಪೂರ್ತಿ ಅರ್ಥವಾಗಿತ್ತು.

"ಛತ್ರಕ್ಕೇ ಬೆಂಕಿ ಬಿದ್ರೆ ಏನ್ ಮಾಡ್ತೀರಾ ಸರ್?" ಎಂದು ಮಹೇಂದ್ರ ಮೆಲ್ಲಗೆ ಕೇಳಿದ. "ಈಗಿನವರು ಹೇಳೋದು ಇಷ್ಟೇ. ನಡುಮನೆ ಚಿಕ್ಕದಿರ್ಲಿ, ಉಳಿದೋರು ಅವರವರ ಗೂಡಲ್ಲಿರ್ಲಿ. ಒಬ್ರ ಎಡವಟ್ಟು ಇನ್ನೊಬ್ರ ತಲೆ ಮೇಲೆ ಬೀಳ್ಬಾರ್ದು."

ಮಾತು ನಿಜವಾಗಿತ್ತು, ಅದಕ್ಕೇ ಮೊಯಿನುದ್ದೀನನಿಗೆ ಮೈಯೆಲ್ಲ ಉರಿಯಿತು. ಇನ್ನು ಕೈಕೈ ಮಿಲಾಯಿಸುವುದೊಂದು ಬಾಕಿ ಎನ್ನುವಾಗ ಬೈರಣ್ಣ ಪಂಚಾಯ್ತಿ ಮುಗಿಸಿದ. "ಮಾತು ಸಾಕು. ಶನಿವಾರ ಬೆಳಗ್ಗೆ ಎರಡನ್ನೂ ಕೋಳಿಪಂದ್ಯಕ್ಕೆ ಬಿಟ್ಟಂಗೆ ಬಿಡಿ. ಅದೇ ಪ್ರೋಗ್ರಾಮು, ಅದೇ ಆರ್ಡರು. ಯಾವ್ದು ಮೊದ್ಲು ಪಟ್ಟಿ ಕೊಡ್ತದೋ ಅದು ಉಳೀತದೆ. ಸೋತಿದ್ದು ಗುಜರಿಗೆ."

ಬುಧವಾರ ಮೊಯಿನುದ್ದೀನ್ ಆನೆಯನ್ನು ಪಂದ್ಯಕ್ಕೆ ಸಜ್ಜು ಮಾಡಲು ಕೂತ. ಯಂತ್ರ ಎದ್ದಾಗಲೆಲ್ಲ ಮೊದಲು ಓದಿಕೊಳ್ಳುವ ಒಂದು ಕಡತ ಇರುತ್ತದೆ. ಬೆಳಗ್ಗೆ ಎದ್ದು ಏನೇನು ಮಾಡಬೇಕು ಎಂದು ಬರೆದಿಟ್ಟ ಚೀಟಿ ಎನ್ನಿ. ಅದನ್ನು ಅವನು ವರ್ಷಗಳಿಂದ ತೆರೆದಿರಲಿಲ್ಲ, ತೆರೆಯುವ ಪ್ರಮೇಯ ಬಂದಿರಲಿಲ್ಲ. ಕೆಳಗಿನ ತನಕ ಓದುತ್ತಾ ಹೋದವನು ಒಂದು ಸಾಲಿನ ಮೇಲೆ ನಿಂತ. ಪಟ್ಟಿ ಮಾಡುವ ಪ್ರೋಗ್ರಾಮನ್ನು ಒಂದೇ ಒಂದು ಪ್ರೊಸೆಸರಿಗೆ ಕಟ್ಟಿಹಾಕು ಎಂಬ ಅಪ್ಪಣೆ ಅದು. ಪಕ್ಕದಲ್ಲಿ ಅವನದೇ ಟಿಪ್ಪಣಿ: ತಾತ್ಕಾಲಿಕ. ಜುಮ್ಮಾ ನಮಾಜು ಮುಗಿಸಿ ಬಂದು ತೆಗೆಯುವುದು. ಮೊಯಿನ್.

ಕೆಳಗಿನ ತಾರೀಖು ಹದಿನೇಳು ವರ್ಷ ಹಳೆಯದು.

ಎ.ಸಿ. ರೂಮಿನಲ್ಲಿ ಬೆವರುವುದು ಸುಲಭವಲ್ಲ, ಮೊಯಿನುದ್ದೀನ್ ಬೆವರಿದ. ಅಂದರೆ ಹದಿನೇಳು ವರ್ಷದಿಂದ ದುಡಿಯುತ್ತಿದ್ದದ್ದು ಒಂದೇ ತಲೆ. ಉಳಿದ ಅರವತ್ಮೂರು ತಣ್ಣಗೆ ಗಾಳಿ ಕುಡಿಯುತ್ತ, ವರ್ಷಕ್ಕೊಮ್ಮೆ ಬೊಟ್ಟು ಇಡಿಸಿಕೊಳ್ಳುತ್ತ ಕೂತಿದ್ದವು. ಅರವತ್ನಾಲ್ಕರಲ್ಲಿ ಒಂದು ಎಂದರೆ ನೂರಕ್ಕೆ ಎರಡಕ್ಕಿಂತ ಕಡಿಮೆ. ಊರಿಗೆಲ್ಲ ತೋರಿಸಿ ಮೆರೆದ ಅಂಕಿಯೇ ಅವನ ತಪ್ಪಿನ ಅಂಕಿಯಾಗಿತ್ತು.

ಆದರೆ ಯಾಕೆ ಕಟ್ಟಿಹಾಕಿದ್ದೆ? ಅದು ಮಾತ್ರ ಎಷ್ಟು ತಲೆ ಕೆರೆದುಕೊಂಡರೂ ನೆನಪಾಗಲಿಲ್ಲ.

ಮನೆಗೆ ಹೋದರೆ ಅಲ್ಲಿ ದಿನದ ಹಾಗೆ ಒಂಬತ್ತು ಜನ. ತಮ್ಮಂದಿರು, ಅವರ ಹೆಂಡಿರು, ಮಕ್ಕಳು, ಎಲ್ಲರೂ ಮೊಬೈಲು ಹಿಡಿದು ಹಾಲಿನಲ್ಲಿ ಕೂತಿದ್ದರು. ಅವನ ಹೆಂಡತಿ ಮಲ್ಕಾ ಒಂದು ಕೈಯಲ್ಲಿ ಚಪಾತಿ ಮಗುಚುತ್ತ, ಇನ್ನೊಂದರಲ್ಲಿ ಯಾರದೋ ಶಾಲೆ ಅಂಗಿಗೆ ಗುಂಡಿ ಹುಡುಕುತ್ತ, ಬಾಯಲ್ಲಿ ಗ್ಯಾಸಿನವನಿಗೆ ಫೋನಿನಲ್ಲಿ ಉತ್ತರ ಕೊಡುತ್ತಿದ್ದಳು.

"ಅಮ್ರೀನ್ ಹುಟ್ಟಿದ್ದು ಶುಕ್ರವಾರ ಅಲ್ವಾ?" ಎಂದು ಕೇಳಿದ.

"ಕ್ಯಾ ಜೀ, ಮಗಳು ಹುಟ್ಟಿದ ದಿನವೂ ಮರೆತೋಯ್ತಾ? ಶುಕ್ರವಾರವೇ. ಮಸೀದಿಯಿಂದ ಸೀದಾ ಆಸ್ಪತ್ರೆಗೆ ಬಂದ್ರಿ, ತಲೆ ಮೇಲಿನ ಟೋಪಿ ಕೂಡ ತೆಗೆದಿರ್ಲಿಲ್ಲ. ಒಂದು ವಾರ ಆಫೀಸ್ ಕಡೆ ತಲೆ ಹಾಕ್ಲಿಲ್ಲ."

ಅಮ್ರೀನಳಿಗೆ ಈಗ ಹದಿನೇಳು. ಅಪ್ಪನ ತಪ್ಪಿಗೂ ಅಷ್ಟೇ ವಯಸ್ಸು.

ಆ ರಾತ್ರಿ ಅವನಿಗೆ ನಿದ್ದೆ ಹತ್ತಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ. ಸಾಲನ್ನು ಹಾಗೇ ಬಿಟ್ಟರೆ ಆನೆ ಸೋಲುತ್ತದೆ, ತಪ್ಪು ಗುಜರಿಯ ಜೊತೆ ಹೊರಟುಹೋಗುತ್ತದೆ, ಹೆಸರು ಉಳಿಯುತ್ತದೆ. ತೆಗೆದು ಎಲ್ಲರಿಗೂ ಹೇಳಿದರೆ ಆನೆ ಉಳಿಯುತ್ತದೆ, ಹೆಸರು ಹೋಗುತ್ತದೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು ಅನ್ನುತ್ತಾರೆ. ಇಲ್ಲಿ ಆನೆಯೇ ಮಾನ ಕೇಳುತ್ತಿತ್ತು. ಕೊನೆಗೆ ಮನುಷ್ಯಮಾತ್ರರು ಏನು ಮಾಡುತ್ತಾರೋ ಅದನ್ನೇ ಮೊಯಿನುದ್ದೀನ್ ಮಾಡಿದ. ಗುರುವಾರ ಬಾಗಿಲು ಹಾಕಿಕೊಂಡು ಸಾಲನ್ನು ಅಳಿಸಿದ, ಯಾರಿಗೂ ಹೇಳಲಿಲ್ಲ.

ಶನಿವಾರ ಬೆಳಗ್ಗೆ ಐದಕ್ಕೆ ಎರಡೂ ಯಂತ್ರಗಳನ್ನು ಒಟ್ಟಿಗೆ ಬಿಟ್ಟರು. ಆನೆಯ ದೀಪಗಳು ಹಿಂದೆಂದೂ ಇಲ್ಲದಂತೆ ಮಿನುಗಿದವು, ಫ್ಯಾನುಗಳು ಹೊಸ ರಾಗ ಎತ್ತಿದವು. ಇಪ್ಪತ್ತೆರಡು ನಿಮಿಷಕ್ಕೆ ಪಟ್ಟಿ ಹೊರಗೆ! ಮಹೇಂದ್ರನ ಹನ್ನೆರಡು ಯಂತ್ರಗಳು ತಮ್ಮತಮ್ಮಲ್ಲೇ ಕಾಗದ ಬರೆದುಕೊಂಡು ಮುಗಿಸುವಾಗ ಮೂವತ್ತೊಂದು ನಿಮಿಷ. ಬೈರಣ್ಣ ಮೊಯಿನುದ್ದೀನನನ್ನು ತಬ್ಬಿ ನೆಲದಿಂದ ಎತ್ತಿಯೇಬಿಟ್ಟ. "ನೋಡಿದ್ರಾ ನಮ್ಮಾನೇನಾ! ನೋಡಿದ್ರಾ!"

"ಅಂಕಲ್," ಎಂದಳು ಶಾಂತಲಾ, "ಇಷ್ಟು ವರ್ಷ ಐದು ಗಂಟೆ ಯಾಕೆ ಹಿಡೀತಿತ್ತು ಮತ್ತೆ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿಕೊಂಡನಂತೆ. ಮೊಯಿನುದ್ದೀನನ ಕೈ ತನ್ನಷ್ಟಕ್ಕೆ ಹೆಗಲ ಮೇಲಿನ ಒರೆಸುವ ಬಟ್ಟೆಗೆ ಹೋಯಿತು. "ಧೂಳಮ್ಮಾ. ಧೂಳು ಹೊಡೆದೆ" ಅಂದ. ಹದಿನೆಂಟು ವರ್ಷದಲ್ಲಿ ಅದು ಅವನ ಮೊದಲ ಸುಳ್ಳು.

ಗೆದ್ದ ಪಟ್ಟಿಯನ್ನು ಅಂಗಳಕ್ಕೆ ಕಳಿಸಿದರು. ಐದೂವರೆಗೇ ಪಟ್ಟಿ ಬಂದದ್ದು ನೋಡಿ ಡ್ರೈವರುಗಳು ಇಡ್ಲಿ ಅರ್ಧಕ್ಕೆ ಬಿಟ್ಟು ಎದ್ದರು. "ಏನ್ ಬಂತ್ರೋ ನಿಮ್ಗೆ ದೊಡ್ ರೋಗ, ಹಬೆ ಆಡ್ತಾ ಐತೆ, ತಿಂದ್ ಓಗ್ರೋ!" ಎಂದು ಅಕ್ಕಯ್ಯಮ್ಮ ಸೌಟು ಹಿಡಿದು ಕೂಗುತ್ತಲೇ ಇದ್ದಳು.

ಕಾಲು ಗಂಟೆಯಲ್ಲಿ ಅಂಗಳ ರಣರಂಗವಾಯಿತು. ಒಂದೇ ಪೆಟ್ಟಿಗೆಗೆ ಇಬ್ಬರು ಡ್ರೈವರುಗಳು ಕೈ ಹಾಕಿದ್ದರು. ಒಬ್ಬ ಇತ್ತ ಎಳೆದ, ಇನ್ನೊಬ್ಬ ಅತ್ತ ಎಳೆದ, ಒಳಗೆ ನೂರು ಮರಿ ಕಿಚಿಕಿಚಿ ಎಂದವು. "ನನ್ ಚೀಟೀಲೈತೆ!" "ಲೇ, ನನ್ ಚೀಟೀಲೂ ಐತೆ ಕಣ್ಲಾ!" ದೊಡ್ಡಬಳ್ಳಾಪುರದ ಒಬ್ಬ ರೈತನ ಹೆಸರಿನಲ್ಲಿ ಮೂರು ಲಾರಿ ಬಿದ್ದಿತ್ತು. ಪಾಪ, ಅವನು ಕೇಳಿದ್ದು ಆರು ಪೆಟ್ಟಿಗೆ. ಒಂದು ಪೆಟ್ಟಿಗೆ ಬಾಯಿಬಿಟ್ಟು ಮರಿಗಳೆಲ್ಲ ಅಂಗಳದ ತುಂಬ ಹರಿದಾಡಿದವು, ಹೆಚ್ಚಿನವು ಅಕ್ಕಯ್ಯಮ್ಮನ ಗಾಡಿಯ ಕೆಳಗೆ ಸೇರಿಕೊಂಡವು.

ಶಾಂತಲಾ ಎರಡೂ ಯಂತ್ರಗಳ ಪಟ್ಟಿ ಪಕ್ಕಪಕ್ಕ ಹಿಡಿದು ನೋಡಿದಳು. "ಎರಡೂ ತಪ್ಪು. ಅದೂ ಬೇರೆ ಬೇರೆ ತಪ್ಪು."

ಬೈರಣ್ಣ ಕೆಂಡವಾಗಿ ಮಹೇಂದ್ರನ ಕಡೆ ತಿರುಗಿದ. "ನಿನ್ ಡಬ್ಬಿಗಳ್ನ ತಂದು ನಮ್ಮಾನೆಗೆ ವೈರ್ ಸಿಕ್ಕಿಸ್ದಲ್ಲ, ಅದ್ಕೇ ಇಂಗಾಗಿರೋದು! ಹದಿನೆಂಟು ವರ್ಸ ಒಂದು ತಪ್ಪು ಮಾಡ್ದೋರಲ್ಲ ನಮ್ ಸಾಬ್ರು. ಕಟ್ಟು ನಿನ್ ಗಂಟುಮೂಟೆ!"

ಮಹೇಂದ್ರನ ಮುಖ ಸಣ್ಣದಾಯಿತು. ಆರ್ಡರು ಪಟ್ಟಿ ತೆಗೆದುಕೊಳ್ಳಲು ಅವನು ವೈರು ಸಿಕ್ಕಿಸಿದ್ದು ನಿಜವೇ. ಅದರಿಂದ ಹೀಗಾಯಿತೇ ಎಂದು ಅವನಿಗೇ ಅನುಮಾನ ಬಂದಿತ್ತು.

ಸುಮ್ಮನಿದ್ದರೆ ಸಾಕಿತ್ತು. ಆನೆಯೂ ಉಳಿಯುತ್ತಿತ್ತು, ಹೆಸರೂ ಉಳಿಯುತ್ತಿತ್ತು. ಆದರೆ ಆ ಎಳೆದಾಟದ ಪೆಟ್ಟಿಗೆ ಕಂಡ ಗಳಿಗೆಯಲ್ಲೇ ಮೊಯಿನುದ್ದೀನನಿಗೆ ಹದಿನೇಳು ವರ್ಷದ ಹಿಂದಿನ ಆ ವಾರ ನೆನಪಾಗಿಬಿಟ್ಟಿತ್ತು. ಮೊದಲ ವರ್ಷ ಬರೀ ಲೆಕ್ಕ ಬರೆದುಕೊಂಡಿದ್ದ ಆನೆಗೆ ಪಟ್ಟಿಯ ಪ್ರೋಗ್ರಾಮು ಹಾಕಿದ್ದೇ ಆ ವಾರ, ಆಗಲೂ ಹೀಗೇ ಒಂದೇ ಪೆಟ್ಟಿಗೆ ಇಬ್ಬರ ಹೆಸರಿಗೆ ಬಿದ್ದಿತ್ತು. ಅದಕ್ಕೇ ಅವನು ಪರೀಕ್ಷೆಗೆಂದು ಕಟ್ಟಿಹಾಕಿದ್ದ. ಹಾಗೆ ಮಾಡಿದೊಡನೆ ಕಾಯಿಲೆ ನಿಂತಿತ್ತು, ಪ್ರೋಗ್ರಾಮು ಮಾಡಿಕೊಟ್ಟವರೇ ಸರಿಮಾಡಿದರೆಂದು ಎಲ್ಲರೂ ತಿಳಿದರು. ತಾನೂ ಮಗಳ ಸಂಭ್ರಮದಲ್ಲಿ ಸಕ್ಕರೆ ಹಂಚಿ ಮರೆತಿದ್ದ.

"ಅವನನ್ನ ಬಿಡಿ ಬೈರಣ್ಣೋರೆ. ತಪ್ಪು ನನ್ದು" ಎಂದ. "ಪಟ್ಟಿ ಬರೆಯೋ ರೂಮಿಗೆ ಪ್ರೋಗ್ರಾಮಿನವರು ಚಿಲಕ ಇಡೋದೇ ಮರೆತಿದ್ದಾರೆ. ಇಬ್ರು ಒಟ್ಟಿಗೆ ಒಳಗೆ ಬಂದು, ಪೆಟ್ಟಿಗೆ ಖಾಲಿ ಇದೆ ಅಂತ ನೋಡಿ, ಇಬ್ರೂ ಒಂದೊಂದು ಹೆಸರು ಬರೀತಾರೆ. ಇಷ್ಟು ವರ್ಷ ಹಂಗಾಗ್ಲಿಲ್ಲ, ಯಾಕಂದ್ರೆ ಮನೇಲಿ ಇದ್ದೋನು ಒಬ್ಬನೇ. ಒಬ್ಬನೇ ಇರೋ ಮನೆ ಬಚ್ಚಲಿಗೆ ಚಿಲಕ ಯಾಕೆ? ನಾನೇ ಕಟ್ಟಿಹಾಕಿ ಮರೆತಿದ್ದೆ. ಗುರುವಾರ ಕದ್ದು ಬಿಚ್ಚಿದೆ. ಧೂಳು ಹೊಡೆದೆ ಅಂದಿದ್ದು ಸುಳ್ಳು."

ಎಳೆದಾಡುತ್ತಿದ್ದ ಡ್ರೈವರುಗಳಿಬ್ಬರೂ ಪೆಟ್ಟಿಗೆಯನ್ನು ಕೆಳಗಿಟ್ಟರು.

"ಒಬ್ನೇ?" ಎಂದ ಬೈರಣ್ಣ. "ಅರವತ್ನಾಲ್ಕ್ರಲ್ಲಿ?"

"ಒಬ್ಬನೇ."

"ನಾನು ಅಷ್ಟೂ ಜನಕ್ಕೂ ಕುಂಕ್ಮ ಇಕ್ತಿದ್ನಲ್ರೀ!"

ಮೊಯಿನುದ್ದೀನ್ ತಲೆ ತಗ್ಗಿಸಿ ಒಳಗೆ ಹೋದ, ಅಳಿಸಿದ ಸಾಲನ್ನು ಮತ್ತೆ ಬರೆದ. ಆನೆ ತನ್ನ ಹಳೆಯ ಚಾಳಿಗೆ ಬಂದು ಐದು ಗಂಟೆ ತೆಗೆದುಕೊಂಡು ಸರಿಯಾದ ಪಟ್ಟಿ ಕೊಟ್ಟಿತು. ಹೊಸದಾಗಿ ಹುಟ್ಟಿದ ಮರಿ ಎರಡು ದಿನ ತಿನ್ನದಿದ್ದರೂ ತಡೆಯುತ್ತದೆ, ಲಾರಿ ಡ್ರೈವರು ತಡೆಯುವುದಿಲ್ಲ. ಅಕ್ಕಯ್ಯಮ್ಮ ಎರಡನೇ ಸಲ ಇಡ್ಲಿ ಬೇಯಿಸಿದಳು.

ಸೋಮವಾರ ಮಹೇಂದ್ರ ಬಂದ. ಅವನೇನೂ ಜಂಭ ಕೊಚ್ಚಲಿಲ್ಲ. "ಸರ್, ನಿಮ್ಮ ಆ ಸಾಲನ್ನ ನಮ್ಮ ಡಬ್ಬೀಲೂ ಹಾಕಿ ನೋಡೋಣ್ವಾ?" ಎಂದ. ಹಾಕಿದರು. ಹನ್ನೆರಡರಲ್ಲಿ ಒಂದೇ ಡಬ್ಬಿ, ಅದರೊಳಗೆ ಒಂದೇ ತಲೆ. ಮೂವತ್ತೈದು ನಿಮಿಷಕ್ಕೆ ಪಟ್ಟಿ ಬಂತು, ಒಂದು ತಪ್ಪಿಲ್ಲ. ಹೊಸ ಕಾಲದ ಒಂದು ತಲೆ ಹಳೆಯ ಕಾಲದ ತಲೆಗಿಂತ ಅಷ್ಟು ಚುರುಕಾಗಿತ್ತು. ದೊಡ್ಡದೊಂದೋ ಚಿಕ್ಕವು ಹನ್ನೆರಡೋ ಎಂದು ಅಷ್ಟೆಲ್ಲ ಕಾದಾಡಿದ್ದರು, ಕೆಲಸಕ್ಕೆ ಬೇಕಾಗಿದ್ದದ್ದು ಚಿಕ್ಕದೊಂದು. ಶಾಂತಲಾ ಉಳಿದ ಹನ್ನೊಂದನ್ನು ವಾಪಸು ಕಳಿಸಿದಳು.

ಆನೆಯನ್ನು ನಿಲ್ಲಿಸಿದ್ದು ಆಯುಧಪೂಜೆಯ ದಿನ. ಈ ಸಲ ನೆಂಟರನ್ನು ಕರೆದಿರಲಿಲ್ಲ. ಮೊಯಿನುದ್ದೀನ್ ತಾನೇ ಕೊನೆಯ ಅಪ್ಪಣೆ ಒತ್ತಿದ. ಫ್ಯಾನುಗಳು ಒಂದೊಂದಾಗಿ ನಿಂತು, ಹದಿನೆಂಟು ವರ್ಷದಲ್ಲಿ ಮೊದಲ ಸಲ ಆ ರೂಮಿನಲ್ಲಿ ಹೊರಗಿನ ರಸ್ತೆಯ ಸದ್ದು ಕೇಳಿಸಿತು. ಅವನಿಗೆ ಅಳು ಬಂತು, ಅತ್ತ.

ಬೈರಣ್ಣ ಕುಂಕುಮದ ತಟ್ಟೆ ಹಿಡಿದು ನಿಂತಿದ್ದ. ಅಂದಿನಿಂದ ಇಂದಿನವರೆಗೆ ಅವನು ಆ ವಿಷಯ ಎತ್ತಿರಲಿಲ್ಲ. ಈಗ ಕೇಳಿದ. "ಯಾವೋನ್ ಸಾಬ್ರೆ ಅವ್ನು?"

"ಯಾರು?"

"ದುಡ್ದೋನು."

ಮೊಯಿನುದ್ದೀನ್ ಒಂಬತ್ತನೇ ಹಲಗೆಯ ಮೂರನೆಯದನ್ನು ತೋರಿಸಿದ. ಬೈರಣ್ಣ ಹತ್ತಿಕಡ್ಡಿ ಪಕ್ಕಕ್ಕಿಟ್ಟು, ಬೆರಳಿನಿಂದಲೇ ಅದಕ್ಕೊಂದು ದಪ್ಪ ಬೊಟ್ಟು ಇಟ್ಟ. ಬೇರೆ ಯಾವುದಕ್ಕೂ ಇಡಲಿಲ್ಲ. ಆಮೇಲೆ ಆ ಹಲಗೆಯನ್ನು ಎಳೆಸಿ, ಮೇಲೊಂದು ಮೊಳ ಮಲ್ಲಿಗೆ ಸುತ್ತಿ ಮೊಯಿನುದ್ದೀನನ ಕೈಗಿಟ್ಟ. "ತಗೊಂಡೋಗಿ. ಮಿಕ್ಕಿದ್ದೆಲ್ಲ ಗುಜರಿಗೆ. ಯುಗಾದಿಗಂಟ ನೀವು ಆ ಡಬ್ಬಿ ನೋಡ್ಕಳಿ. ತಪ್ ಒಪ್ಕಂಡ ಮನ್ಸನ್ನ ಬಿಟ್ಟು ಇನ್ಯಾರನ್ನ ನಂಬ್ಲಿ ನಾನು?"

ಬಸ್ಸಿನಲ್ಲಿ ಹಲಗೆಯನ್ನು ತೊಡೆಯ ಮೇಲಿಟ್ಟುಕೊಂಡು ಬಂದ. ಹೆಬ್ಬಾಳದಲ್ಲಿ ಪಕ್ಕದವನು ಏನಿದು ಎಂದು ಕೇಳಿದರೂ ಯಾವ ಕಥೆಯನ್ನೂ ಹೇಳಲಿಲ್ಲ.

ಹೇಳಿದ್ದು ಮನೆಯಲ್ಲಿ, ಮಲ್ಕಾಗೆ. ಕಟ್ಟಿಹಾಕಿದ್ದು, ಮರೆತದ್ದು, ಬಿಚ್ಚಿದ್ದು, ಎಲ್ಲವನ್ನೂ ಹೇಳಿದ. ಹಾಲಿನಲ್ಲಿ ಏಳು ಜನ ಮೊಬೈಲು ನೋಡುತ್ತಿದ್ದರು. ಮಲ್ಕಾ ಬೆಳ್ಳುಳ್ಳಿ ಸುಲಿಯುತ್ತಲೇ ಪೂರ್ತಿ ಕೇಳಿದಳು. ಕೈ ಒರೆಸಿಕೊಂಡು ಹತ್ತಿರ ಬಂದು ಆ ಮೂರನೆಯದನ್ನು, ಅದರ ಬೊಟ್ಟನ್ನು, ಮಲ್ಲಿಗೆಯನ್ನು ಬಗ್ಗಿ ನೋಡಿದಳು.

"ಇದಕ್ಕೆ ರಿಟೈರ್ಮೆಂಟ್ ಸಿಕ್ತು" ಅಂದಳು. "ಹೂವೂ ಸಿಕ್ತು."

ಅಷ್ಟೇ ಅಂದು ಮತ್ತೆ ಬೆಳ್ಳುಳ್ಳಿಯ ಮುಂದೆ ಕೂತಳು. ಮೊಯಿನುದ್ದೀನ್ ಹಲಗೆಯನ್ನು ನೋಡಿದ, ಹಾಲಿನ ಕಡೆ ನೋಡಿದ, ಹೆಂಡತಿಯ ಬೆನ್ನು ನೋಡಿದ. ಮೆಲ್ಲಗೆ ಎದ್ದು ಅಡುಗೆಮನೆಗೆ ಹೋಗಿ ಒಲೆಯ ಮೇಲೆ ಚಹಾಕ್ಕೆ ನೀರಿಟ್ಟ. ಆಮೇಲೆ ಅಲ್ಲಿಂದಲೇ ಕೂಗಿ, ಸಕ್ಕರೆ ಡಬ್ಬಿ ಎಲ್ಲಿದೆ ಎಂದು ಕೇಳಿದ.